ಹಳೆಯ ಕಾರಿಗೆ ಮೂರನೇ ಬ್ರೇಕ್ ಲೈಟ್: ಫಾರ್ವರ್ಡ್‌ಗಳಲ್ಲಿ ಬರುವುದೆಲ್ಲ ನಿಜವೇ?

ಹಳೆಯ ಅಂಬಾಸಿಡರ್, ಪದ್ಮಿನಿ, ಬೀಟಲ್ ಇಟ್ಟುಕೊಂಡವರ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಈ ಎರಡು ಬಗೆಯ ಸಂದೇಶಗಳು ನಿಮಗೂ ಬಂದಿರುತ್ತವೆ. ಒಂದು: "ಹಿಂದಿನ ಗಾಜಿನ ನಡುವೆ ಒಂದು ಬ್ರೇಕ್ ಲೈಟ್ ಹಾಕಿಸಿ, ಹಿಂದಿನಿಂದ ಗುದ್ದುವ ಅಪಘಾತ 60% ಕಡಿಮೆಯಾಗುತ್ತದೆ, ಇದು ಸಾಬೀತಾಗಿದೆ." ಇನ್ನೊಂದು: "ಅದೆಲ್ಲ ಬರೀ ಶೋಕಿ. ಹಳೇ ವೈರಿಂಗ್‌ಗೆ ಕೈ ಹಾಕಿದರೆ ಕಾರೇ ಸುಟ್ಟುಹೋದೀತು. ಕಂಪನಿಯವರು ಕೊಟ್ಟ ಎರಡು ಲೈಟ್ ಸಾಕು."

ಎರಡರಲ್ಲೂ ಸ್ವಲ್ಪ ನಿಜವಿದೆ, ಸ್ವಲ್ಪ ಉತ್ಪ್ರೇಕ್ಷೆಯೂ ಇದೆ. ವಿಷಯ ಸಣ್ಣದೆಂದು ಕಾಣಬಹುದು, ಆದರೆ ಸಣ್ಣದಲ್ಲ. ಹಳೆಯ ಕಾರುಗಳ ಸೀಟಿಗೆ ಸಾಮಾನ್ಯವಾಗಿ ತಲೆ ಆನಿಸುವ ಹೆಡ್‌ರೆಸ್ಟ್ ಇರುವುದಿಲ್ಲ. ಹಿಂದಿನ ಸೀಟಿಗೆ ಬೆಲ್ಟ್ ಇರುವುದಂತೂ ಅಪರೂಪ. ಹಿಂದಿನಿಂದ ಗುದ್ದು ಬಿದ್ದಾಗ ಮೈ ಮುಂದಕ್ಕೆ ಹೋಗುತ್ತದೆ, ಆಸರೆಯಿಲ್ಲದ ತಲೆ ಹಿಂದಕ್ಕೆ ವಾಲುತ್ತದೆ. ಕುತ್ತಿಗೆಗೆ ಪೆಟ್ಟಾಗುವುದು ಹೀಗೆ. ಭಾನುವಾರ ಮಕ್ಕಳನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಹಳೆಯ ಕಾರಿನಲ್ಲಿ ಒಂದು ಸುತ್ತು ಹೋಗಿಬರುವವರಿಗೆ ಇದು ಶೋಕಿಯ ಪ್ರಶ್ನೆಯಲ್ಲ.

ಹಾಗಾದರೆ ಸತ್ಯ ಎಷ್ಟು? ಒಂದೊಂದಾಗಿ ನೋಡೋಣ.

60% ಎಂಬ ಅಂಕಿ ಎಲ್ಲಿಂದ ಬಂತು?

ಈ ಅಂಕಿ ಕಟ್ಟುಕಥೆಯಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೊಯೆವೊಡ್ಸ್ಕಿ ಸ್ಯಾನ್ ಫ್ರಾನ್ಸಿಸ್ಕೊ ನಗರದ 343 ಟ್ಯಾಕ್ಸಿಗಳಿಗೆ ಹಿಂಬದಿಯಲ್ಲಿ ಒಂದು ಹೆಚ್ಚುವರಿ ದೀಪ ಅಳವಡಿಸಿದರು. ಆ ದೀಪ ಇಲ್ಲದ ಟ್ಯಾಕ್ಸಿಗಳ ಜೊತೆ ಹೋಲಿಸಿದಾಗ ಹಿಂದಿನಿಂದ ಗುದ್ದಿಸಿಕೊಳ್ಳುವ ಪ್ರಮಾಣ ಸುಮಾರು 60% ಕಡಿಮೆಯಾಗಿತ್ತು. 1974ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದರೆ ಫಾರ್ವರ್ಡ್ ಹೇಳದೆ ಬಿಡುವ ಎರಡು ಮಾತುಗಳಿವೆ. ಮೊದಲನೆಯದು, ಆ ದೀಪ ಇಂದಿನ ಕೆಂಪು ಬ್ರೇಕ್ ಲೈಟ್ ಆಗಿರಲಿಲ್ಲ. ಅದು ಹಳದಿ ಛಾಯೆಯ, ಕಾರು ಎಷ್ಟು ಜೋರಾಗಿ ವೇಗ ತಗ್ಗಿಸುತ್ತಿದೆ ಎಂಬುದಕ್ಕೆ ತಕ್ಕಂತೆ ಮಿನುಗುವ ದೀಪ. ಎರಡನೆಯದು, ಆಗ ರಸ್ತೆಯ ಮೇಲೆ ಅಂಥ ದೀಪ ಇನ್ನಾರ ಕಾರಿಗೂ ಇರಲಿಲ್ಲ. ಹೊಸದು ಯಾವುದೇ ಆಗಲಿ, ಕಣ್ಣು ಅದನ್ನು ಬೇಗ ಹಿಡಿಯುತ್ತದೆ. ಎಲ್ಲರ ಬಳಿಯೂ ಅದು ಬಂದ ಮೇಲೆ ಆ ಅನುಕೂಲ ಅಷ್ಟೇ ಉಳಿಯುವುದಿಲ್ಲ.

ಮುಂದೆ ಆದದ್ದೂ ಅದೇ. ಅಮೆರಿಕ ಸರ್ಕಾರ 1986ರ ಮಾಡೆಲ್‌ನಿಂದ ಎಲ್ಲ ಹೊಸ ಪ್ರಯಾಣಿಕ ಕಾರುಗಳಿಗೂ ನಡುವೆ, ಎತ್ತರದಲ್ಲಿ ಒಂದು ಕೆಂಪು ಬ್ರೇಕ್ ಲೈಟ್ ಕಡ್ಡಾಯ ಮಾಡಿತು. 1994ರ ಮಾಡೆಲ್‌ನಿಂದ ಸಣ್ಣ ಟ್ರಕ್ಕುಗಳಿಗೂ ಬಂತು. ಆಗ ಸಾರಿಗೆ ಕಾರ್ಯದರ್ಶಿಯಾಗಿದ್ದ ಎಲಿಜಬೆತ್ ಡೋಲ್ ಅವರ ಹೆಸರಿನಿಂದ ಕೆಲವರು ಅದನ್ನು 'ಲಿಡ್ಡಿ ಲೈಟ್' ಎಂದೇ ಕರೆದರು. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ವರ್ಷಗಟ್ಟಲೆ ಅಪಘಾತದ ದಾಖಲೆಗಳನ್ನು ಪರಿಶೀಲಿಸಿತು. 1987ರಲ್ಲಿ ಹಿಂದಿನಿಂದ ಗುದ್ದುವ ಅಪಘಾತ 8.5% ಇಳಿದಿತ್ತು. ಜನರ ಕಣ್ಣಿಗೆ ದೀಪ ರೂಢಿಯಾದಂತೆ ಲಾಭ ಇನ್ನಷ್ಟು ಕುಗ್ಗಿ, 1998ರ ವರದಿಯ ಪ್ರಕಾರ 4.3%ಕ್ಕೆ ಬಂದು ನಿಂತಿತು.

60% ಎಲ್ಲಿ, 4.3% ಎಲ್ಲಿ! ಆದರೆ 4.3% ಎಂದರೆ ಏನೂ ಇಲ್ಲ ಎಂದಲ್ಲ. ಆ ದೇಶದ ಎಲ್ಲ ವಾಹನಗಳಿಗೂ ಈ ದೀಪ ಬಂದಾಗ ವರ್ಷಕ್ಕೆ 58,000ದಿಂದ 70,000 ಮಂದಿಗೆ ಗಾಯವಾಗುವುದು ತಪ್ಪುತ್ತದೆ ಎಂದು ಅದೇ ವರದಿ ಲೆಕ್ಕ ಹಾಕಿತ್ತು. ಒಂದು ಪುಟ್ಟ ದೀಪದ ಖರ್ಚಿಗೆ ಇದು ಒಳ್ಳೆಯ ಪ್ರತಿಫಲವೇ. ಹಾಗಾಗಿ ಯಾರಾದರೂ ಕೇಳಿದರೆ ಹೀಗೆ ಹೇಳಿ: ಉಪಯೋಗ ಇದೆ, ಪವಾಡ ಇಲ್ಲ.

ನಡುವೆ, ಎತ್ತರದಲ್ಲಿ ಯಾಕೆ?

ಹಳೆಯ ಕಾರಿನ ಹಿಂದಿನ ದೀಪವನ್ನು ಒಮ್ಮೆ ಬಿಚ್ಚಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ಫಿಲಮೆಂಟ್ ಇರುತ್ತವೆ. ರಾತ್ರಿ ಸದಾ ಉರಿಯುವ ಹಿಂಬದಿ ದೀಪಕ್ಕೆ 5 ವ್ಯಾಟ್, ಬ್ರೇಕ್ ಒತ್ತಿದಾಗ ಉರಿಯುವುದಕ್ಕೆ 21 ವ್ಯಾಟ್. ಗಾಜು ಒಂದೇ, ಬಣ್ಣ ಒಂದೇ, ಜಾಗವೂ ಒಂದೇ. ರಾತ್ರಿ ನಿಮ್ಮ ಹಿಂದೆ ಬರುವವರಿಗೆ ಮೊದಲೇ ಒಂದು ಕೆಂಪು ದೀಪ ಕಾಣುತ್ತಿರುತ್ತದೆ. ನೀವು ಬ್ರೇಕ್ ಒತ್ತಿದಾಗ ಅದು ಸ್ವಲ್ಪ ಹೆಚ್ಚು ಕೆಂಪಾಗುತ್ತದೆ, ಅಷ್ಟೇ. ಗಾಜು ಮಾಸಿ, ಒಳಗಿನ ಹೊಳಪು ಹೋಗಿದ್ದರೆ ಆ ವ್ಯತ್ಯಾಸ ಇನ್ನೂ ಕಡಿಮೆ.

ಮೂರನೇ ದೀಪ ಹಾಗಲ್ಲ. ಬ್ರೇಕ್ ಒತ್ತುವವರೆಗೆ ಅದು ಆರಿರುತ್ತದೆ. ಒತ್ತಿದ ಕೂಡಲೇ ಇಲ್ಲದ ಕಡೆ ದೀಪ ಬರುತ್ತದೆ. ಮಂದ ದೀಪ ಪ್ರಖರವಾಗುವುದಕ್ಕಿಂತ ಆರಿದ ದೀಪ ಹೊತ್ತಿಕೊಳ್ಳುವುದನ್ನು ನಮ್ಮ ಕಣ್ಣು ಸುಲಭವಾಗಿ ಗುರುತಿಸುತ್ತದೆ. ಈ ದೀಪಕ್ಕೆ ಬೇರೆ ಕೆಲಸವೂ ಇಲ್ಲ, ಹಾಗಾಗಿ ಅದು ಉರಿದರೆ ಅರ್ಥ ಒಂದೇ: ಮುಂದಿನ ಕಾರು ನಿಲ್ಲುತ್ತಿದೆ.

ಎತ್ತರದ ಲಾಭ ಬೇರೆ. ಟ್ರಾಫಿಕ್‌ನಲ್ಲಿ ನಿಮ್ಮ ಕಾರಿನ ಕೆಳಗಿನ ಎರಡು ದೀಪಗಳು ನೇರ ಹಿಂದಿರುವ ಕಾರಿಗೆ ಮಾತ್ರ ಕಾಣುತ್ತವೆ. ಗಾಜಿನ ಎತ್ತರದಲ್ಲಿರುವ ದೀಪ ಆ ಕಾರಿನ ಗಾಜುಗಳ ಮೂಲಕ ಅದರ ಹಿಂದಿನ ಕಾರಿಗೂ ಕಾಣಬಹುದು. ಮೂರನೆಯ ಕಾರಿನವರು ಎರಡನೆಯವರ ಬ್ರೇಕಿಗಾಗಿ ಕಾಯದೆ ಕಾಲು ಎತ್ತುತ್ತಾರೆ.

ಇದು ದಿಢೀರನೆ ಹುಟ್ಟಿದ ಯೋಚನೆಯೂ ಅಲ್ಲ. ಕಡ್ಡಾಯ ಆಗುವುದಕ್ಕೆ ಬಹಳ ಮೊದಲೇ, 1971ರ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನಲ್ಲಿ ಹಿಂದಿನ ಗಾಜಿನ ಕೆಳಗೆ ಎತ್ತರದ ಎರಡು ಹೆಚ್ಚುವರಿ ದೀಪಗಳಿದ್ದವು.

0.2 ಸೆಕೆಂಡಿನಲ್ಲಿ ಏನಾಗುತ್ತದೆ?

ಹಳೆಯ ಫಿಲಮೆಂಟ್ ಬಲ್ಬು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು. ಎಲ್‌ಇಡಿಗೆ ಅಷ್ಟು ಹೊತ್ತು ಬೇಡ, ಕರೆಂಟ್ ಬಂದ ಕ್ಷಣದಲ್ಲೇ ಬೆಳಗುತ್ತದೆ. "0.2 ಸೆಕೆಂಡಿಗೆ ಏನು ಮಹಾ?" ಎನ್ನಬೇಡಿ, ಲೆಕ್ಕ ಮಾಡಿ ನೋಡೋಣ.

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ನಿಮ್ಮ ಕಾರಿಗೂ ಹಿಂದಿನ ಕಾರಿಗೂ ನಡುವೆ 15 ಮೀಟರ್ ಅಂತರವಿದೆ, ಇಬ್ಬರದೂ ಒಂದೇ ವೇಗ, ಬ್ರೇಕಿನ ಶಕ್ತಿಯೂ ಒಂದೇ ಎಂದುಕೊಳ್ಳಿ. ನೀವು ಬ್ರೇಕ್ ಹಾಕಿದ ಒಂದು ಸೆಕೆಂಡಿನ ನಂತರ ಹಿಂದಿನವರು ಬ್ರೇಕ್ ಹಾಕಿದರೆ ಅವರಿಗೆ 16.7 ಮೀಟರ್ ಜಾಗ ಬೇಕು. ಇರುವುದು 15. ಗುದ್ದು ತಪ್ಪಿದ್ದಲ್ಲ. ಅವರು 0.8 ಸೆಕೆಂಡಿನಲ್ಲೇ ಬ್ರೇಕ್ ಹಾಕಿದರೆ ಬೇಕಾಗುವುದು 13.3 ಮೀಟರ್. ಒಂದೂವರೆ ಮೀಟರ್‌ಗಿಂತ ಹೆಚ್ಚು ಜಾಗ ಉಳಿಸಿಕೊಂಡು ಕಾರು ನಿಲ್ಲುತ್ತದೆ.

ಇದೇ 0.2 ಸೆಕೆಂಡ್ 100 ಕಿ.ಮೀ. ವೇಗದಲ್ಲಿ 5.6 ಮೀಟರ್ ಆಗುತ್ತದೆ. ಒಂದು ಅಂಬಾಸಿಡರ್ ಕಾರಿನ ಉದ್ದಕ್ಕಿಂತ ಜಾಸ್ತಿ!

ಹಿಂದಿನವರು ಮೊಬೈಲ್ ನೋಡುತ್ತಿದ್ದರೆ, ಅಥವಾ ನಡುವೆ 5 ಮೀಟರ್ ಅಂತರವನ್ನೂ ಬಿಟ್ಟಿಲ್ಲವಾದರೆ ಯಾವ ದೀಪವೂ ಕಾಪಾಡದು. ದೀಪ ಎಚ್ಚರಿಸಬಲ್ಲದು, ನೋಡಬೇಕಾದವರು ನೋಡಬೇಕು.

ಮೊದಲು ಇರುವ ಎರಡನ್ನು ಸರಿಮಾಡಿ

ಹೊಸ ದೀಪ ಕೊಳ್ಳುವ ಮೊದಲು ಈ ಕೆಲಸ ಮಾಡಿ. ಸಂಜೆ ಗೋಡೆಯೊಂದರ ಮುಂದೆ ಹಿಂಬದಿ ಬರುವಂತೆ ಕಾರು ನಿಲ್ಲಿಸಿ, ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ, ನೀವು ಹಿಂದೆ ನಿಂತು ನೋಡಿ. ಎಡ ಬಲ ಎರಡೂ ಒಂದೇ ಸಮ ಉರಿಯುತ್ತಿವೆಯೇ? ಹಿಂಬದಿ ದೀಪ ಹಾಕಿದಾಗಲೂ ಬ್ರೇಕಿನ ವ್ಯತ್ಯಾಸ ಎದ್ದು ಕಾಣುತ್ತಿದೆಯೇ?

ಇಲ್ಲವಾದರೆ ಬಲ್ಬಿನ ತುದಿಯಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಎಂದು ಮಲ್ಟಿಮೀಟರ್‌ನಲ್ಲಿ ನೋಡಿಸಿ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. 12 ವೋಲ್ಟ್ ಇರಬೇಕಾದ ಕಡೆ 10.5 ಬಂದರೆ ವೋಲ್ಟೇಜ್ ಕಡಿಮೆಯಾದದ್ದು ಎಂಟರಲ್ಲಿ ಒಂದು ಪಾಲು, ಬೆಳಕು ಕಡಿಮೆಯಾದದ್ದು ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ತುಕ್ಕು ಹಿಡಿದ ಅರ್ಥ್, ಕಪ್ಪಾದ ಹೋಲ್ಡರ್, ಸಡಿಲವಾದ ಕನೆಕ್ಟರ್, ಸಾಮಾನ್ಯವಾಗಿ ಇವೇ ಕಾರಣ. ಮರಳು ಕಾಗದದಿಂದ ಉಜ್ಜಿ ಸ್ವಚ್ಛಗೊಳಿಸಿದರೆ ಖರ್ಚಿಲ್ಲದೆ ಬೆಳಕು ವಾಪಸ್ ಬರುತ್ತದೆ.

ಇನ್ನೊಂದು ಮುಖ್ಯ ಭಾಗ ಬ್ರೇಕ್ ಸ್ವಿಚ್. ಹಳೆಯ ಹಲವು ಕಾರುಗಳಲ್ಲಿ ಇದು ಪೆಡಲ್ ಹತ್ತಿರ ಇರುವುದಿಲ್ಲ. ಬ್ರೇಕ್ ಆಯಿಲ್ ಹರಿಯುವ ಪೈಪಿಗೇ ಕೂರಿಸಿರುತ್ತಾರೆ. ಆಯಿಲ್ ಒತ್ತಡ ಏರಿದಾಗ ಸ್ವಿಚ್ ಆನ್ ಆಗುತ್ತದೆ. ವಯಸ್ಸಾದಂತೆ ಒಳಗಿನ ಸಂಪರ್ಕ ಸವೆದು, ಪೆಡಲನ್ನು ಜೋರಾಗಿ ಒತ್ತಿದರಷ್ಟೇ ದೀಪ ಬರುವಂತಾಗುತ್ತದೆ. ಮೆಲ್ಲಗೆ ಬ್ರೇಕ್ ಹಾಕಿದಾಗ ನಿಮ್ಮ ಕಾರು ನಿಧಾನವಾಗುತ್ತಿರುತ್ತದೆ, ಹಿಂದಿನವರಿಗೆ ಸುಳಿವೇ ಇರುವುದಿಲ್ಲ. ನೆನಪಿಡಿ, ಮೂರನೇ ದೀಪಕ್ಕೂ ಕರೆಂಟ್ ಬರುವುದು ಇದೇ ಸ್ವಿಚ್ಚಿನಿಂದ. ಸ್ವಿಚ್ ತಡ ಮಾಡಿದರೆ ಮೂರು ದೀಪವೂ ತಡ.

ಹಳೆಯ ವೈರಿಂಗ್ ತಡೆದೀತೇ?

"ಕಾರು ಸುಟ್ಟುಹೋಗುತ್ತದೆ" ಎಂಬ ಭಯಕ್ಕೆ ಇಲ್ಲಿದೆ ಲೆಕ್ಕ. 21 ವ್ಯಾಟಿನ ಎರಡು ಬಲ್ಬು ಸೇರಿ 42 ವ್ಯಾಟ್. 12 ವೋಲ್ಟಿನಲ್ಲಿ ಅದು 3.5 ಆಂಪಿಯರ್. ಇನ್ನೊಂದು 21 ವ್ಯಾಟ್ ಬಲ್ಬು ಸೇರಿಸಿದರೆ 5.25 ಆಂಪಿಯರ್ ಆಗುತ್ತದೆ, ಅಂದರೆ ಹಳೆಯ ಸ್ವಿಚ್ಚಿನ ಮೇಲೆ ಒಂದೂವರೆ ಪಟ್ಟು ಹೊರೆ. ಇದು ಒಳ್ಳೆಯದಲ್ಲ. ಅದೇ 3 ವ್ಯಾಟಿನ ಎಲ್‌ಇಡಿ ದೀಪವಾದರೆ ಹೆಚ್ಚುವರಿ ಹೊರೆ ಕಾಲು ಆಂಪಿಯರ್ ಮಾತ್ರ. ಹಳೆಯ ಕಾರಿಗೆ ಎಲ್‌ಇಡಿಯೇ ಸೂಕ್ತ ಎನ್ನುವುದಕ್ಕೆ ಇದು ಎರಡನೇ ಕಾರಣ.

ಅಂದರೆ ಬೆಂಕಿಯ ಭಯ ಸುಳ್ಳೇ? ಅಲ್ಲ. ಅಪಾಯ ದೀಪದಲ್ಲಿಲ್ಲ, ಜೋಡಿಸುವ ರೀತಿಯಲ್ಲಿದೆ. ವೈರ್ ಸಿಪ್ಪೆ ಸುಲಿದು, ತಿರುಚಿ, ಟೇಪು ಸುತ್ತಿ ಬಿಟ್ಟರೆ ಬಿಸಿಲಿಗೆ ಟೇಪಿನ ಅಂಟು ಕರಗಿ ತಾಮ್ರ ಹೊರಗೆ ಬರುತ್ತದೆ. ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಹಾಕದೆ ವೈರ್ ತೂರಿಸಿದರೆ ಅಂಚು ತಿಕ್ಕಿ ತಿಕ್ಕಿ ವೈರ್ ಬಯಲಾಗುತ್ತದೆ. ಒಂದು ದಿನ ಅದು ಬಾಡಿಗೆ ತಾಗಿದರೆ ಶಾರ್ಟ್. ಆ ದಾರಿಯಲ್ಲಿ ಫ್ಯೂಸ್ ಇಲ್ಲದಿದ್ದರೆ ವೈರೇ ಫ್ಯೂಸಿನಂತೆ ಸುಡುತ್ತದೆ.

ಅಳವಡಿಸುವಾಗ ಗಮನಿಸಬೇಕಾದ್ದು

ಆಟೊ ಎಲೆಕ್ಟ್ರಿಷಿಯನ್ ಬಳಿ ಹೋಗುವುದೇ ಒಳ್ಳೆಯದು. ಆದರೆ ಏನು ಕೇಳಬೇಕು, ಏನು ನೋಡಬೇಕು ಎಂಬುದು ನಿಮಗೆ ಗೊತ್ತಿರಲಿ.

1. ಕರೆಂಟ್ ಎಲ್ಲಿಂದ? ಬ್ರೇಕ್ ಸ್ವಿಚ್ಚಿನಿಂದ ಹೊರಬರುವ ವೈರಿನಿಂದ. ಹಿಂದಿನ ಬಲ್ಬಿನ ವೈರಿನಿಂದ ತೆಗೆಯುವುದು ಸುಲಭ, ಆದರೆ ಎಲ್ಲ ಕಾರಿಗೂ ಆಗದು. ಹಳೆಯ ಹಲವು ಅಮೆರಿಕನ್ ಕಾರುಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ದೀಪ. ಅಲ್ಲಿ ಬಲ್ಬಿನಿಂದ ಕರೆಂಟ್ ತೆಗೆದರೆ ನೀವು ಎಡಕ್ಕೆ ಇಂಡಿಕೇಟರ್ ಹಾಕಿದಾಗ ನಡುವಿನ ಬ್ರೇಕ್ ಲೈಟೂ ಮಿನುಗುತ್ತದೆ. ಅದಕ್ಕೇ ಇಂಡಿಕೇಟರ್ ಸ್ವಿಚ್ಚಿಗೆ ಮೊದಲೇ ವೈರ್ ತೆಗೆಯಬೇಕು.

2. ಎಷ್ಟು ವೋಲ್ಟ್, ಅರ್ಥ್ ಯಾವುದು? 1960ರ ದಶಕದ ಮೊದಲ ಭಾಗದ ಬೀಟಲ್‌ಗಳು 6 ವೋಲ್ಟಿನವು. ಆ ಕಾಲದ ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಕೊಟ್ಟಿರುತ್ತಾರೆ. ಎಲ್‌ಇಡಿಗೆ ಪ್ಲಸ್, ಮೈನಸ್ ಅದಲುಬದಲಾದರೆ ಉರಿಯುವುದಿಲ್ಲ. ದೀಪದ ಕವಚ ಲೋಹದ್ದಾಗಿದ್ದು ಮೈನಸ್‌ಗೆ ಸೇರಿದ್ದರೆ, ಅಂಥ ಬಾಡಿಗೆ ಕೂರಿಸಿದಾಗ ನೇರ ಶಾರ್ಟ್ ಆಗುತ್ತದೆ. ಬಾನೆಟ್ ತೆಗೆದು ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಮೊದಲು ನೋಡಿ.

3. ಈ ದೀಪಕ್ಕೆಂದೇ ಒಂದು ಸಣ್ಣ ಫ್ಯೂಸ್ ಇರಲಿ. 1 ಅಥವಾ 2 ಆಂಪಿಯರ್ ಸಾಕು. ದೀಪದ ವೈರಿನಲ್ಲಿ ತೊಂದರೆಯಾದರೆ ಈ ಫ್ಯೂಸ್ ಮಾತ್ರ ಹೋಗಬೇಕು, ಹಳೆಯ ಎರಡು ದೀಪಗಳು ಉರಿಯುತ್ತಲೇ ಇರಬೇಕು.

4. ಕಾರಿನ ಸರಿಯಾದ ನಡುಮಧ್ಯೆ, ಹಿಂದಿನ ಗಾಜಿನ ಒಳಗೆ, ಕೆಳ ಅಥವಾ ಮೇಲಿನ ಅಂಚಿನಲ್ಲಿ ಕೂರಿಸಿ. ದೀಪಕ್ಕೂ ಗಾಜಿಗೂ ನಡುವೆ ಸಂದು ಬಿಡಬೇಡಿ. ಬಿಟ್ಟರೆ ರಾತ್ರಿ ಬೆಳಕು ಗಾಜಿಗೆ ಬಡಿದು ನಿಮ್ಮ ಕನ್ನಡಿಗೇ ವಾಪಸ್ ಬರುತ್ತದೆ. ನಿಮ್ಮ ಹಿಂದಿನ ನೋಟಕ್ಕೂ ಅದು ಅಡ್ಡ ಬರಬಾರದು.

5. ತೂತು ಕೊರೆಯಬೇಡಿ. ಹಿಂದಿನ ಸೀಟಿನ ಮೇಲಿನ ಹಲಗೆಯ ಮೇಲೆ ಬ್ರಾಕೆಟ್ ಇಟ್ಟು, ಕಾರ್ಪೆಟ್ ಕೆಳಗೆ ಹಳೆಯ ವೈರುಗಳ ಪಕ್ಕದಲ್ಲೇ ಹೊಸದನ್ನು ಎಳೆದರೆ ನಾಳೆ ಬೇಡವೆಂದಾಗ ಕಾರು ಮೊದಲಿದ್ದಂತೆ ಆಗುತ್ತದೆ. ಕಾರಿನ ಮೂಲ ರೂಪ ಉಳಿಸಿಕೊಳ್ಳಬೇಕೆನ್ನುವವರಿಗೆ ಇದೇ ದಾರಿ.

6. ಮುಗಿದ ಮೇಲೆ ಎಲ್ಲ ಬಗೆಯಲ್ಲೂ ಪರೀಕ್ಷಿಸಿ. ಹಿಂಬದಿ ದೀಪ ಹಾಕಿ, ಎಡ ಬಲ ಇಂಡಿಕೇಟರ್ ಹಾಕಿ, ಪ್ರತಿಸಲವೂ ಬ್ರೇಕ್ ಒತ್ತಿ. ನಡುವಿನ ದೀಪ ಬ್ರೇಕಿಗೆ ಮಾತ್ರ ಉರಿಯಬೇಕು. ಐದು ನಿಮಿಷ ಒತ್ತಿ ಹಿಡಿದು ಜೋಡಣೆಯ ಜಾಗಗಳನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಕೆಲಸ ಸರಿಯಾಗಿಲ್ಲ.

ಮಿನುಗುವ ದೀಪ ಇನ್ನೂ ಒಳ್ಳೆಯದಲ್ಲವೇ?

ಬ್ರೇಕ್ ಒತ್ತಿದಾಗಲೆಲ್ಲ ಪಟಪಟನೆ ಮಿನುಗುವ ದೀಪಗಳ ಜಾಹೀರಾತು ನೀವು ನೋಡಿರುತ್ತೀರಿ. ಬೇಡ. ಅಮೆರಿಕದ ನಿಯಮದಲ್ಲೂ ಬ್ರೇಕ್ ಲೈಟ್ ಒಂದೇ ಸಮ ಉರಿಯಬೇಕು. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಮಿನುಗುವುದಕ್ಕೆ ಅವಕಾಶವಿದೆ, ಆದರೆ ತುರ್ತಾಗಿ ನಿಲ್ಲಿಸುವಾಗ ಮಾತ್ರ. ವೇಗ 50 ಕಿ.ಮೀ.ಗಿಂತ ಹೆಚ್ಚಿದ್ದು, ಬ್ರೇಕ್ ಬಹಳ ಜೋರಾಗಿ ಬಿದ್ದಾಗ ಕಾರಿನ ಸೆನ್ಸರ್ ಅದನ್ನು ಅಳೆದು ಮಿನುಗಿಸುತ್ತದೆ. ಹಳೆಯ ಕಾರಿನಲ್ಲಿ ಅಂಥ ಸೆನ್ಸರ್ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗಲೂ ಮಿನುಗುತ್ತಿದ್ದರೆ ಹಿಂದಿನವರಿಗೆ ಕಿರಿಕಿರಿ, ಜೊತೆಗೆ ನಿಜವಾದ ತುರ್ತಿನ ಸೂಚನೆಗೂ ಬೆಲೆ ಇರುವುದಿಲ್ಲ. ಕಣ್ಣು ಕುಕ್ಕುವಷ್ಟು ಪ್ರಖರವಾದ ದೀಪವೂ ಹಾಗೆಯೇ. ರಾತ್ರಿ ಹಿಂದಿನವರ ಕಣ್ಣು ಕತ್ತಲಾದರೆ ನಷ್ಟ ನಿಮಗೇ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಹಿಂಬದಿಗೆ ತೋರುವ ದೀಪಗಳ ಬಣ್ಣಕ್ಕೂ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಟ್ಟುಪಾಡುಗಳಿವೆ. ಬ್ರೇಕ್ ಲೈಟ್ ಎಂದರೆ ಕೆಂಪು, ಅಷ್ಟೇ. ನೀಲಿ, ಬಿಳಿ, ಬಣ್ಣ ಬದಲಿಸುವ ಪಟ್ಟಿಗಳನ್ನು ಹಾಕಿಸಬೇಡಿ.

ಕಾರು ಮೊದಲು ನೋಂದಣಿಯಾಗಿ 50 ವರ್ಷ ದಾಟಿದ್ದರೆ ಇನ್ನೊಂದು ವಿಷಯವಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳಿರುವ ಆ ನೋಂದಣಿ ಬೇಕಾದರೆ ವಾಹನ ಮೂಲ ರೂಪದಲ್ಲಿರಬೇಕು. ಆ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಹಾಗಾಗಿ ವಿಂಟೇಜ್ ನೋಂದಣಿಯ ಕಾರಿದ್ದರೆ, ಅಥವಾ ಮುಂದೆ ಮಾಡಿಸುವ ಯೋಚನೆಯಿದ್ದರೆ, ಸುಲಭವಾಗಿ ಬಿಚ್ಚಬಹುದಾದ ದೀಪವನ್ನೇ ಆರಿಸಿ, ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ವಿಮಾ ಕಂಪನಿಗೂ ಒಂದು ಇಮೇಲ್ ಹಾಕಿ ತಿಳಿಸಿಡಿ. ಕ್ಲೇಮಿನ ಹೊತ್ತಿಗೆ ವೈರಿಂಗ್ ಬಗ್ಗೆ ಪ್ರಶ್ನೆ ಬಂದರೆ ಆ ಇಮೇಲ್ ನಿಮ್ಮ ಕೈಯಲ್ಲಿರುತ್ತದೆ.

ಕೊನೆಗೆ

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬೈ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ಮರೆಯಾದವು. ಉಳಿದಿರುವ ಕಾರುಗಳು ಇಂದು ಅವುಗಳ ಕಾಲದಲ್ಲಿ ಇರದಿದ್ದ ರಸ್ತೆಗಳಲ್ಲಿ, ಇರದಿದ್ದ ವೇಗದ ನಡುವೆ ಓಡುತ್ತಿವೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಗಳಲ್ಲಿ 'ಹಿಂದಿನಿಂದ ಡಿಕ್ಕಿ' ಎಂಬುದು ಅಪಘಾತಗಳ ದೊಡ್ಡ ವಿಭಾಗಗಳಲ್ಲಿ ಒಂದು. ಅಪ್ಪ ಜೋಪಾನ ಮಾಡಿದ ಕಾರನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆ ತಪ್ಪಲ್ಲ. ಆದರೆ ಹಿಂದಿನಿಂದ ಒಂದು ಗುದ್ದು ಬಿದ್ದರೆ ಆ ಮೂಲ ರೂಪವೂ ಉಳಿಯುವುದಿಲ್ಲ, ಹಳೆಯ ಗಾಜು, ಹಳೆಯ ಬಂಪರ್ ಮತ್ತೆ ಸಿಗುವುದೂ ಕಷ್ಟ.

ನಿಮ್ಮ ಗುಂಪಿಗೆ ಕಳಿಸುವುದಾದರೆ ಇಷ್ಟನ್ನು ಕಳಿಸಿ:

- ಮೂರನೇ ಬ್ರೇಕ್ ಲೈಟ್‌ನಿಂದ 60% ಅಲ್ಲ, ದೊಡ್ಡ ಮಟ್ಟದ ಅಧ್ಯಯನದ ಪ್ರಕಾರ ಸುಮಾರು 4% ಅಪಘಾತ ತಪ್ಪುತ್ತದೆ. ಅಗ್ಗದ ಖರ್ಚಿಗೆ ಇದು ಒಳ್ಳೆಯ ಲಾಭ.
- ಮೊದಲು ಹಳೆಯ ದೀಪ, ಅರ್ಥ್, ಬ್ರೇಕ್ ಸ್ವಿಚ್ ಸರಿಮಾಡಿಸಿ. ಹೊಸ ದೀಪ ಆಮೇಲೆ.
- ಎಲ್‌ಇಡಿ ಇರಲಿ, ಕೆಂಪಿರಲಿ, ಮಿನುಗದಿರಲಿ. ಫ್ಯೂಸ್ ಇಲ್ಲದೆ ಜೋಡಿಸಬೇಡಿ.
- ತೂತು ಕೊರೆಯದೆ, ಬಿಚ್ಚಲು ಬರುವಂತೆ ಹಾಕಿಸಿ. ವಿಂಟೇಜ್ ನೋಂದಣಿ ಇದ್ದರೆ ಆರ್‌ಟಿಒದಲ್ಲಿ ಕೇಳಿ.

ಮತ್ತೆ, ನೀವು ಇನ್ನೊಬ್ಬರ ಹಿಂದೆ ಕಾರು ಓಡಿಸುವಾಗ ಸ್ವಲ್ಪ ಜಾಗ ಬಿಡಿ. ಮುಂದಿನದು ಹಳೆಯ ಕಾರಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬಿಡಿ. ಅದರ ದೀಪ ಮಂದವಿರಬಹುದು, ಒಳಗಿರುವವರಿಗೆ ಹೆಡ್‌ರೆಸ್ಟ್ ಇಲ್ಲದಿರಬಹುದು.